ಹಿಂಡಿಯೊಳಗಿನ ವಿಷ, ಜೇಡಿಮಣ್ಣಿನ ತಡೆ

ಹಸುವಿನ ಆಹಾರದಲ್ಲಿ ಬೂಷ್ಟಿನ ವಿಷವಿದ್ದರೆ ಅದು ಹಾಲಿನಲ್ಲಿ ಕಾಣಿಸಿಕೊಳ್ಳಲು ಒಂದು ದಿನ ಸಾಕು. ಇವತ್ತು ಬೆಳಿಗ್ಗೆ ಬಾನಿಗೆ ಹಾಕಿದ ಹಿಂಡಿಯ ವಿಷ ನಾಳೆ ಬೆಳಗಿನ ಹಾಲಿನಲ್ಲಿರುತ್ತದೆ. ಹಾಗೆ ಬಂದದ್ದನ್ನು ಕಾಯಿಸಿ ಕಳೆಯಲು ಆಗುವುದಿಲ್ಲ. ಡೇರಿಯಲ್ಲಿ ಮಾಡುವ ಪಾಶ್ಚರೀಕರಣ ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಈ ವಿಷವನ್ನು ಮುರಿಯುವುದಿಲ್ಲ. ಹಾಲನ್ನು ಒಡೆಸಿ ಪನೀರು ಮಾಡಿದರೆ ವಿಷವೂ ಪ್ರೋಟೀನಿಗೆ ಅಂಟಿಕೊಂಡು ಪನೀರಿನಲ್ಲೇ ಇನ್ನಷ್ಟು ಗಟ್ಟಿಯಾಗಿ ಉಳಿಯುತ್ತದೆ. ಆದ್ದರಿಂದ ಇದನ್ನು ತಡೆಯುವುದಿದ್ದರೆ ಹಾಲು ಕರೆಯುವ ಮುಂಚೆಯೇ ತಡೆಯಬೇಕು. ಹೊಲದಲ್ಲಿ, ಕಣದಲ್ಲಿ, ಉಗ್ರಾಣದಲ್ಲಿ ತಡೆಯಬಹುದು. ಅಲ್ಲೆಲ್ಲ ತಪ್ಪಿಸಿಕೊಂಡು ಬಂದದ್ದನ್ನು ಹಸುವಿನ ಹೊಟ್ಟೆಯೊಳಗೂ ಒಂದಿಷ್ಟು ಮಟ್ಟಿಗೆ ತಡೆಯಬಹುದು. ಈ ಕೊನೆಯ ತಡೆಯೇ ಇಂದಿನ ವಿಷಯ. ಪಶು ಆಹಾರಕ್ಕೆ, ಕೋಳಿ ಆಹಾರಕ್ಕೆ ಬೆರೆಸುವ ಖನಿಜಗಳು, ಅದರಲ್ಲೂ ಬೆಂಟೊನೈಟ್ ಎಂಬ ಜೇಡಿಮಣ್ಣು, ಅಂಗಡಿಗಳಲ್ಲಿ ‘ಟಾಕ್ಸಿನ್ ಬೈಂಡರ್’ ಎಂಬ ಹೆಸರಿನಲ್ಲಿ ಸಿಗುತ್ತವೆ. ಸರಿಯಾದ ಮಣ್ಣು ಸರಿಯಾದ ವಿಷದ ಮೇಲೆ ನಿಜವಾಗಿಯೂ ಕೆಲಸ ಮಾಡುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇದೆ. ಆದರೆ ಅದು ಕೆಟ್ಟ ಮೇವಿಗೆ ಕೊಡುವ ಪರವಾನಗಿ ಅಲ್ಲ. ಇವೆರಡೂ ಮಾತು ಒಟ್ಟಿಗೆ ನಿಲ್ಲುತ್ತವೆ ಎಂಬುದೇ ನನ್ನ ವಾದ. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಇನ್ನೊಂದನ್ನು ಬಿಟ್ಟವರಿಂದಲೇ ನಮ್ಮ ಹೈನುಗಾರರಿಗೂ ಕೋಳಿ ಸಾಕುವವರಿಗೂ ನಷ್ಟವಾಗುತ್ತಿದೆ.

ಮೊದಲು ವಿಷದ ಪರಿಚಯ. ಕಾಳುಕಡಿ, ಎಣ್ಣೆಬೀಜ, ಹಿಂಡಿಗಳ ಮೇಲೆ ಬೆಳೆಯುವ ಬೂಷ್ಟುಗಳಲ್ಲಿ ಕೆಲವು ತಮ್ಮ ಬೆಳವಣಿಗೆಯ ಜೊತೆಗೆ ವಿಷವನ್ನೂ ತಯಾರಿಸುತ್ತವೆ. ಅವನ್ನು ಒಟ್ಟಾಗಿ ಮೈಕೋಟಾಕ್ಸಿನ್ ಎನ್ನುತ್ತಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಜಾಡು ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಕೊನೆಗೊಂಡಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟಿನ ವಿಷ ಹೀಗೆ ಬೆಳಕಿಗೆ ಬಂತು. ಅದೇ ಅಫ್ಲಾಟಾಕ್ಸಿನ್. ಅದರ ಬಗೆಗಳಲ್ಲಿ ಬಿ1 ಎಂಬುದು ಅತ್ಯಂತ ಕ್ರೂರ. ಅದು ಯಕೃತ್ತನ್ನು ಕೆಡಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆಂಬುದು ಖಚಿತವಾಗಿರುವುದರಿಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್‌ಗಳನ್ನು ತನ್ನ ಪಟ್ಟಿಯ ಮೊದಲನೆಯ ಗುಂಪಿನಲ್ಲಿ ಇಟ್ಟಿದೆ. ನಮ್ಮ ದೇಶಕ್ಕೆ ಇದರ ಕಹಿ ಅನುಭವ ನೇರವಾಗಿಯೇ ಆಗಿದೆ. 1974ರಲ್ಲಿ ರಾಜಸ್ಥಾನದ ಬನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದವರಲ್ಲಿ ಕಾಮಾಲೆ ಹಬ್ಬಿ ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಆ ಊರುಗಳ ನಾಯಿಗಳೂ ಅದೇ ರೋಗದಿಂದ ಸತ್ತವು. 1995ರಲ್ಲಿ ಕರ್ನಾಟಕ ಮತ್ತು ಆಂಧ್ರದ ದಖ್ಖನ್ ಭಾಗದ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದ ಜೋಳ, ಮುಸುಕಿನ ಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಅಲ್ಲಿ ಸಿಕ್ಕಿದ್ದು ಬೇರೊಂದು ಬೂಷ್ಟಿನ ವಿಷ, ಫ್ಯೂಮೋನಿಸಿನ್. ಈ ಎರಡು ಘಟನೆಗಳಲ್ಲಿ ವಿಷ ಬೇರೆಬೇರೆ ಎಂಬುದನ್ನು ದಯವಿಟ್ಟು ನೆನಪಿಡಿ. ಮುಂದೆ ಜೇಡಿಮಣ್ಣಿನ ಮಾತು ಬಂದಾಗ ಈ ಭೇದವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಹಸು ತಿಂದ ಬಿ1 ವಿಷ ಯಕೃತ್ತಿನಲ್ಲಿ ಸ್ವಲ್ಪ ರೂಪ ಬದಲಿಸಿ ಎಂ1 ಎಂಬ ಹೆಸರಿನಲ್ಲಿ ಹಾಲಿಗೆ ಇಳಿಯುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಹಾಲಿನಲ್ಲಿ ಇದಕ್ಕೆ ಇಟ್ಟಿರುವ ಮಿತಿ ಒಂದು ಕಿಲೋಗೆ 0.5 ಮೈಕ್ರೋಗ್ರಾಂ. ಯುರೋಪಿನ ಮಿತಿ ಅದರ ಹತ್ತನೇ ಒಂದು ಪಾಲು, ಅಂದರೆ 0.05. ಇದೇ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಹಾಲಿಗೆ ನೀರು, ಯೂರಿಯಾ, ಡಿಟರ್ಜೆಂಟ್ ಬೆರೆಸುತ್ತಾರೆಂಬ ಆತಂಕ ದೊಡ್ಡದಾಗಿತ್ತು. ಆರೋಗ್ಯಕ್ಕೆ ಅಪಾಯ ತರುವಂಥ ಕಲಬೆರಕೆ ಕೇವಲ 12 ಮಾದರಿಗಳಲ್ಲಿ ಸಿಕ್ಕಿತು. ಅಫ್ಲಾಟಾಕ್ಸಿನ್ ಎಂ1 ಮಾತ್ರ 368 ಮಾದರಿಗಳಲ್ಲಿ, ಅಂದರೆ ಶೇಕಡಾ 5.7ರಷ್ಟರಲ್ಲಿ, ಮಿತಿ ಮೀರಿತ್ತು. ಬಿಡಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿ ಅದು ಹೆಚ್ಚಾಗಿತ್ತು. ಇದರ ಮೂಲ ಮೇವು ಮತ್ತು ಪಶು ಆಹಾರ ಎಂದು ಪ್ರಾಧಿಕಾರವೇ ಹೇಳಿತು. ಯಾರೋ ದುರಾಸೆಯಿಂದ ಬೆರೆಸಿದ್ದಲ್ಲ, ಕೊಟ್ಟಿಗೆಯ ದಾರಿಯಲ್ಲಿ ತಾನಾಗಿ ಬಂದದ್ದು. ಹಾಗಾಗಿ ಪೊಲೀಸು, ದಂಡ, ದಾಳಿಗಳಿಂದ ಇದು ನಿಲ್ಲುವಂಥದ್ದಲ್ಲ.

ಈ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಮಾಡಿ ನೋಡೋಣ, ಯಾಕೆಂದರೆ ಇಡೀ ವಾದ ಇದರ ಮೇಲೆ ನಿಂತಿದೆ. ವಿಷವನ್ನು ಪಿಪಿಬಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹತ್ತು ಟನ್ ಹೊರುವ ನೂರು ಲಾರಿಗಳ ತುಂಬ ಹಿಂಡಿ ಇದ್ದು, ಆ ಒಟ್ಟು ಹಿಂಡಿಯಲ್ಲಿ ಒಂದೇ ಒಂದು ಗ್ರಾಂ ವಿಷ ಇದ್ದರೆ ಅದು ಒಂದು ಪಿಪಿಬಿ. ಭಾರತೀಯ ಮಾನಕ ಬ್ಯೂರೋ ಸಿದ್ಧ ಪಶು ಆಹಾರಕ್ಕೆ ಹೇಳಿರುವ ಮಿತಿ 20 ಪಿಪಿಬಿ. ಹಸು ತಿಂದ ಬಿ1 ವಿಷದಲ್ಲಿ ಸಾಮಾನ್ಯವಾಗಿ ಶೇಕಡಾ ಒಂದೆರಡು ಪಾಲು ಹಾಲಿಗೆ ಬರುತ್ತದೆ, ಹೆಚ್ಚು ಹಾಲು ಕೊಡುವ ತಳಿಗಳಲ್ಲಿ ಶೇಕಡಾ 6ರವರೆಗೂ ಬರಬಹುದು. ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ 100 ಪಿಪಿಬಿ ವಿಷವಿರುವ ಹಿಂಡಿಯನ್ನು 5 ಕಿಲೋ ಹಾಕಿದೆವು ಎನ್ನಿ. ಅದರ ಹೊಟ್ಟೆಗೆ 500 ಮೈಕ್ರೋಗ್ರಾಂ ಹೋಯಿತು. ಶೇಕಡಾ 2ರಂತೆ ಹಾಲಿಗೆ ಬಂದದ್ದು 10 ಮೈಕ್ರೋಗ್ರಾಂ, ಲೀಟರಿಗೆ ಒಂದು. ನಮ್ಮ ಮಿತಿಯ ಎರಡರಷ್ಟಾಯಿತು. ಅದೇ ಹಿಂಡಿ 20 ಪಿಪಿಬಿ ಇದ್ದಿದ್ದರೆ ಲೀಟರಿಗೆ 0.2. ನಮ್ಮ ಮಿತಿಯೊಳಗೆ ಬಂತು, ಆದರೆ ಯುರೋಪಿನ ಮಿತಿಯ ನಾಲ್ಕು ಪಟ್ಟು. ಎಂಬತ್ತು ಪಿಪಿಬಿ ಕಡಿಮೆ ಮಾಡುವ ಕೆಲಸ ಒಣಗಿಸುವ ಕಣದಲ್ಲಿ ಆಗುತ್ತದೆಯೋ, ಖರೀದಿಯ ತೂಕದ ಕಟ್ಟೆಯಲ್ಲಿ ಆಗುತ್ತದೆಯೋ, ಜೇಡಿಮಣ್ಣಿನಿಂದ ಆಗುತ್ತದೆಯೋ ಎಂಬುದು ಈಗಿನ ಪ್ರಶ್ನೆ.

ಜೇಡಿಮಣ್ಣು ಹೇಗೆ ಕೆಲಸ ಮಾಡುತ್ತದೆ? ಬೆಂಟೊನೈಟ್‌ನ ಮುಖ್ಯ ಅಂಶ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ನಿಲುಕದಷ್ಟು ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಅದರ ರಚನೆ. ಪ್ರತಿ ಹಾಳೆಯಲ್ಲೂ ಸಿಲಿಕಾದ ಎರಡು ಪದರಗಳ ನಡುವೆ ಅಲ್ಯುಮಿನಾದ ಒಂದು ಪದರ. ಹಾಳೆಗಳ ಮೇಲೆ ಋಣ ವಿದ್ಯುದಂಶ ಇರುವುದರಿಂದ ಅದನ್ನು ಸರಿದೂಗಿಸಲು ಸಂದಿಗಳಲ್ಲಿ ಕ್ಯಾಲ್ಸಿಯಂ, ಸೋಡಿಯಂನಂಥ ಧನ ಅಯಾನುಗಳು ನೀರಿನ ಜೊತೆ ಕೂತಿರುತ್ತವೆ. ಅಫ್ಲಾಟಾಕ್ಸಿನ್ ಅಣು ಚಪ್ಪಟೆ. ಅದರ ಒಂದು ಬದಿಯಲ್ಲಿ ಅಕ್ಕಪಕ್ಕ ಎರಡು ಆಕ್ಸಿಜನ್‌ಗಳಿವೆ. ಚಪ್ಪಟೆಯಾಗಿರುವುದರಿಂದ ಸಂದಿಯೊಳಗೆ ಜಾರಿಕೊಳ್ಳುತ್ತದೆ, ಆ ಆಕ್ಸಿಜನ್‌ಗಳ ಮೂಲಕ ಅಲ್ಲಿನ ಅಯಾನುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ವಿಷ ಕರುಳಿನ ಗೋಡೆಯನ್ನು ದಾಟಿ ರಕ್ತ ಸೇರುವುದಿಲ್ಲ, ಮಣ್ಣಿನ ಜೊತೆಯಲ್ಲೇ ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಇಲ್ಲಿ ವಿಷ ನಾಶವಾಗುವುದಿಲ್ಲ. ದೇಹದೊಳಗೆ ಹೋಗದಂತೆ ತಡೆಯುವುದು ಮಾತ್ರ. ಈ ಕೆಲಸ ಯಾವ ಮಣ್ಣಿನಿಂದ ಬೇಕಾದರೂ ಆಗುತ್ತದೆ ಎಂದುಕೊಳ್ಳಬೇಡಿ. ಜಿಯೋಲೈಟ್ ಎಂಬ ಇನ್ನೊಂದು ಖನಿಜವನ್ನೂ ಇದೇ ಉದ್ದೇಶಕ್ಕೆ ಮಾರುತ್ತಾರೆ. ಅದರ ರಂಧ್ರಗಳು ಅಫ್ಲಾಟಾಕ್ಸಿನ್ ಅಣುವಿಗೆ ತೀರಾ ಕಿರಿದು, ಹೊರ ಮೈಗೆ ಅಂಟಿದಷ್ಟೇ ಲಾಭ.

ಪುರಾವೆಗೆ ಬರೋಣ. 1988ರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಟಿಮೊಥಿ ಫಿಲಿಪ್ಸ್ ಮತ್ತು ಅವರ ಸಹೋದ್ಯೋಗಿಗಳು ಇಂಥ ಜೇಡಿಮಣ್ಣನ್ನು ಕೋಳಿಮರಿಗಳ ಆಹಾರಕ್ಕೆ ಶೇಕಡಾ 0.5ರಷ್ಟು ಬೆರೆಸಿ ನೋಡಿದರು. ಅದೇ ಆಹಾರದಲ್ಲಿ ಕಿಲೋಗೆ 7.5 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಇತ್ತು, ಅಂದರೆ 7,500 ಪಿಪಿಬಿ. ಮಣ್ಣು ಬೆರೆಸದ ಆಹಾರ ತಿಂದ ಮರಿಗಳು ಕುಗ್ಗಿದವು. ಬೆರೆಸಿದ್ದನ್ನು ತಿಂದವುಗಳಲ್ಲಿ ವಿಷದ ಪರಿಣಾಮ ಗಣನೀಯವಾಗಿ ಇಳಿಯಿತು. ಅಲ್ಲಿಂದ ಮುಂದೆ ಹಂದಿ, ಕುರಿ, ಟರ್ಕಿ ಕೋಳಿ, ಹಸುಗಳ ಮೇಲೆ ಹಲವು ಪ್ರಯೋಗಗಳು ನಡೆದವು. ಕರೆಯುವ ಹಸುಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ ಹಾಲಿನ ಎಂ1 ಕೆಲವು ಕಡೆ ನಾಲ್ಕನೇ ಒಂದು ಪಾಲು, ಕೆಲವು ಕಡೆ ಅರ್ಧಕ್ಕೂ ಮೀರಿ ಇಳಿಯಿತು. ಮಣ್ಣಿನ ಬಗೆ, ಪ್ರಮಾಣ, ವಿಷದ ಮಟ್ಟಕ್ಕೆ ತಕ್ಕಂತೆ ಫಲಿತಾಂಶ ಬೇರೆಬೇರೆ. ಅರ್ಧ ಎಂದು ಹಿಡಿದರೂ ನಮ್ಮ ಲೆಕ್ಕದ ಹಸುವಿನ ಹಾಲು ಲೀಟರಿಗೆ 1ರಿಂದ 0.5ಕ್ಕೆ, ಅಂದರೆ ಸರಿಯಾಗಿ ಮಿತಿಯ ಗೆರೆಗೆ ಬಂದು ನಿಲ್ಲುತ್ತದೆ. ಇದು ಸಣ್ಣ ಸಾಧನೆಯಲ್ಲ. ದಿನಾ ಹಾಲು ಕುಡಿಯುವ ಮಗುವಿನ ದೇಹಕ್ಕೆ ಹೋಗುವ ವಿಷ ಅರ್ಧವಾಗುವುದೆಂದರೆ ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಈ ಖನಿಜಗಳೆಲ್ಲ ಬರೀ ವ್ಯಾಪಾರದ ಮಾತು ಎನ್ನುವವರು ಈ ಪುರಾವೆಗೆ ಉತ್ತರ ಕೊಡಬೇಕಾಗುತ್ತದೆ.

ಆದರೆ ಇದೇ ಪುರಾವೆ ಮಣ್ಣಿನ ಮಿತಿಯನ್ನೂ ತೋರಿಸುತ್ತದೆ. ಅಫ್ಲಾಟಾಕ್ಸಿನ್ ಚಪ್ಪಟೆಯಾಗಿದ್ದದ್ದರಿಂದ ಸಂದಿಗೆ ಹೊಂದಿತು. ಫ್ಯುಸೇರಿಯಂ ಬೂಷ್ಟುಗಳು ತಯಾರಿಸುವ ಡಿಯಾಕ್ಸಿನಿವೆಲೆನಾಲ್, ಟಿ-2 ಮುಂತಾದ ವಿಷಗಳ ಅಣು ಉಬ್ಬಿಕೊಂಡ ಆಕಾರದವು. ಅವು ಸಂದಿಗೆ ಹೊಂದುವುದಿಲ್ಲ, ಸಾಮಾನ್ಯ ಬೆಂಟೊನೈಟ್ ಅವನ್ನು ಹಿಡಿಯುವುದೂ ಇಲ್ಲ. ಜಿಯರಾಲೆನೋನ್, ಆಕ್ರಾಟಾಕ್ಸಿನ್‌ಗಳನ್ನು ಹಿಡಿಯುವುದೂ ಅಷ್ಟಕ್ಕಷ್ಟೆ. ಹಸುವಿಗೆ ಇಲ್ಲೊಂದು ಅನುಕೂಲ ಇದೆ. ಅದರ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಡಿಯಾಕ್ಸಿನಿವೆಲೆನಾಲ್, ಆಕ್ರಾಟಾಕ್ಸಿನ್‌ಗಳನ್ನು ಬಹುಮಟ್ಟಿಗೆ ಮುರಿದುಹಾಕುತ್ತವೆ, ಅಫ್ಲಾಟಾಕ್ಸಿನ್ ಮುಂದೆ ಮಾತ್ರ ಅವು ಸೋಲುತ್ತವೆ. ಆದ್ದರಿಂದ ಹಾಲಿನ ಹಸುವಿಗೆ ಬೆಂಟೊನೈಟ್ ತಕ್ಕ ಜೋಡಿ. ಕೋಳಿಗೆ ಮೆಲುಕು ಹೊಟ್ಟೆ ಇಲ್ಲ. ಮುಸುಕಿನ ಜೋಳವೇ ಮುಖ್ಯವಾದ ಅದರ ಆಹಾರದಲ್ಲಿ ಎರಡು ಮೂರು ವಿಷಗಳು ಒಟ್ಟಿಗೆ ಇರುವುದು ಅಪರೂಪವೇನಲ್ಲ, ಮತ್ತು ಒಂದರ ಜೊತೆ ಇನ್ನೊಂದು ಸೇರಿದಾಗ ಹಾನಿ ಹೆಚ್ಚುತ್ತದೆ. ಈ ಮಿಶ್ರ ವಿಷಗಳ ಸಮಸ್ಯೆಯ ಬಗ್ಗೆ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೇ ಡಾ. ಜಿ. ದೇವೇಗೌಡ ಮತ್ತು ಅವರ ಸಂಗಡಿಗರು ಕೆಲಸ ಮಾಡಿದ್ದಾರೆ. ಅಫ್ಲಾಟಾಕ್ಸಿನ್, ಆಕ್ರಾಟಾಕ್ಸಿನ್, ಟಿ-2 ಈ ಮೂರನ್ನೂ ಬಿಡಿಬಿಡಿಯಾಗಿ ಮತ್ತು ಒಟ್ಟಾಗಿ ಬ್ರಾಯ್ಲರ್ ಕೋಳಿಗಳಿಗೆ ಕೊಟ್ಟು, ಯೀಸ್ಟ್‌ನ ಕೋಶಗೋಡೆಯಿಂದ ತೆಗೆದ ಗ್ಲೂಕೋಮ್ಯಾನನ್ ಬಳಸಿ ಅವರು ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಖನಿಜದ ಕೈಗೆ ಸಿಗದ ವಿಷಗಳಿಗೆ ಬೇರೆ ದಾರಿ ಹುಡುಕಬೇಕೆಂಬ ತಿಳಿವು ಆ ಕೆಲಸದ ಹಿಂದೆ ಇತ್ತು. ಚೀಲದ ಮೇಲೆ ‘ಎಲ್ಲ ಬಗೆಯ ಟಾಕ್ಸಿನ್‌ಗಳಿಗೂ’ ಎಂದು ಬರೆದು ಒಳಗೆ ಬರೀ ಜೇಡಿಮಣ್ಣು ತುಂಬಿದ್ದರೆ ಅದು ರೈತನಿಗೆ ಮಾಡುವ ಅನ್ಯಾಯ. ಕೋಳಿ ಸೊರಗುತ್ತಲೇ ಇರುತ್ತದೆ, ಮೊಟ್ಟೆ ಇಳಿಯುತ್ತಲೇ ಇರುತ್ತದೆ, ಹಾಕಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಬೈಂಡರ್ ಹಾಕಿದ್ದೇನಲ್ಲ ಎಂದುಕೊಂಡ ಸಾಕಣೆದಾರ ಆಹಾರವನ್ನು ಬಿಟ್ಟು ಬೇರೆಲ್ಲ ಕಾರಣ ಹುಡುಕುತ್ತಾ ಹೋಗುತ್ತಾನೆ.

ದನಗಳಿಗೆ ಮಣ್ಣು ತಿನ್ನಿಸುವುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ವಿಷವನ್ನು ಹಿಡಿಯುವ ಮಣ್ಣು ಪೋಷಕಾಂಶವನ್ನೂ ಹಿಡಿದುಬಿಟ್ಟರೆ? 1990ರಲ್ಲಿ ಪ್ರಕಟವಾದ ಕೋಳಿಮರಿಗಳ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ಶೇಕಡಾ 0.5 ಮತ್ತು 1ರ ಪ್ರಮಾಣದಲ್ಲಿ ಇಂಥ ಮಣ್ಣು ಬೆರೆಸಿದಾಗ ಸತುವಿನ ಬಳಕೆ ಸ್ವಲ್ಪ ಕುಗ್ಗಿತು, ಮ್ಯಾಂಗನೀಸ್, ಎ ಜೀವಸತ್ವ, ರೈಬೋಫ್ಲೇವಿನ್‌ಗಳಿಗೆ ತೊಂದರೆಯಾಗಲಿಲ್ಲ. ಹಾಗಾದರೆ ಮಿತವಾಗಿ ಹಾಕಿದರೆ ಅಪಾಯ ಕಡಿಮೆ, ಖನಿಜ ಮಿಶ್ರಣವನ್ನು ತಪ್ಪದೆ ಕೊಡಬೇಕು. ಔಷಧಿಯ ವಿಚಾರ ಇನ್ನೂ ಗಂಭೀರ. ಮಣ್ಣು ಕೆಲವು ಆ್ಯಂಟಿಬಯಾಟಿಕ್‌ಗಳನ್ನೂ ಕೋಳಿಗಳ ಕಾಕ್ಸಿಡಿಯಾ ರೋಗದ ಔಷಧಿಗಳನ್ನೂ ಹಿಡಿದುಕೊಳ್ಳಬಲ್ಲದು. ಮ್ಯಾಕ್ರೋಲೈಡ್ ಗುಂಪಿನ ಔಷಧಿಯನ್ನು ಬಾಯಿಯ ಮೂಲಕ ಕೊಡುವಾಗ ಬೆಂಟೊನೈಟ್ ಜೊತೆಗಿರಬಾರದು ಎಂದು ಯುರೋಪಿನ ನಿಯಮವೇ ಹೇಳುತ್ತದೆ. ಚಿಕಿತ್ಸೆ ನಡೆಯುವಾಗ ತಾವು ಬೈಂಡರ್ ಹಾಕುತ್ತಿರುವ ಸಂಗತಿಯನ್ನು ಪಶುವೈದ್ಯರಿಗೆ ಹೇಳಲೇಬೇಕು. ಇನ್ನೊಂದು ಅಪಾಯ ಮಣ್ಣಿನ ಮೂಲದ್ದು. 1997ರಲ್ಲಿ ಅಮೆರಿಕದಲ್ಲಿ ಸೋಯಾ ಹಿಂಡಿ ಗಂಟು ಕಟ್ಟದಿರಲೆಂದು ಬೆರೆಸಿದ್ದ ಮಿಸಿಸಿಪ್ಪಿಯ ಗಣಿಯ ಜೇಡಿಮಣ್ಣಿನಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿದ್ದು, ಅದು ಕೋಳಿಗೂ ಸಾಕಣೆ ಮೀನಿಗೂ ಹರಡಿತು. ನಮ್ಮಲ್ಲಿ ಬೆಂಟೊನೈಟ್ ಹೆಚ್ಚಾಗಿ ಸಿಗುವುದು ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾರ್ಮೇರ್ ಕಡೆ. ಎರಕದ ಅಚ್ಚಿಗೆ, ತೈಲಬಾವಿ ಕೊರೆಯುವುದಕ್ಕೆ, ಕಬ್ಬಿಣದ ಅದಿರಿನ ಉಂಡೆ ಕಟ್ಟುವುದಕ್ಕೆ ಹೋಗುವುದೂ ಬೆಂಟೊನೈಟೇ. ಹೆಸರು ಒಂದೇ ಆದ ಮಾತ್ರಕ್ಕೆ ಅದನ್ನು ದನದ ಬಾಯಿಗೆ ಹಾಕುವಂತಿಲ್ಲ. ಸೀಸ, ಆರ್ಸೆನಿಕ್, ಡಯಾಕ್ಸಿನ್‌ಗಳ ಪರೀಕ್ಷೆ ಆದ, ಆಹಾರ ದರ್ಜೆಯ ಮಣ್ಣು ಮಾತ್ರ ಆಗಬೇಕು.

ಈಗ ಅತ್ಯಂತ ಕಷ್ಟದ ಆಕ್ಷೇಪಣೆಗೆ ಬರುತ್ತೇನೆ. ಮಣ್ಣು ವಿಷವನ್ನು ಅರ್ಧಕ್ಕೆ ಇಳಿಸುವುದಾದರೆ ಸ್ವಲ್ಪ ಬೂಷ್ಟು ಹಿಡಿದ ಹಿಂಡಿಯನ್ನು ಯಾಕೆ ಎಸೆಯಬೇಕು? ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಕೊಂಡು ಬೈಂಡರ್ ಬೆರೆಸಿದರೆ ಲಾಭವಲ್ಲವೇ? ಬೆಲೆಯ ಒತ್ತಡದಲ್ಲಿರುವ ರೈತ ಹೀಗೆ ಯೋಚಿಸಿದರೆ ಅವನನ್ನು ದೂರುವುದು ಸುಲಭ, ಉತ್ತರ ಕೊಡುವುದು ಅಗತ್ಯ. ಮೊದಲನೆಯ ಉತ್ತರ ಲೆಕ್ಕದಲ್ಲೇ ಇದೆ. ಅರ್ಧ ಎನ್ನುವುದು ಪಾಲು, ಮೊತ್ತವಲ್ಲ. 400 ಪಿಪಿಬಿ ಹಿಂಡಿಗೆ ಮಣ್ಣು ಬೆರೆಸಿ ಅರ್ಧ ಮಾಡಿದರೂ ನಮ್ಮ ಹಸುವಿನ ಹಾಲು ಲೀಟರಿಗೆ 2 ಮೈಕ್ರೋಗ್ರಾಂ ಹೊತ್ತು ಬರುತ್ತದೆ, ಮಿತಿಯ ನಾಲ್ಕು ಪಟ್ಟು. ಎರಡನೆಯದು, ಕಣ್ಣಿಗೆ ಕಾಣುವ ಬೂಷ್ಟಿಗೂ ಒಳಗಿರುವ ವಿಷದ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಒಂದು ಚೀಲದಲ್ಲಿ ಸಾವಿರಾರು ಕಾಳು ಶುದ್ಧವಾಗಿದ್ದು ನಾಲ್ಕಾರು ಕಾಳುಗಳಲ್ಲೇ ವಿಷವೆಲ್ಲ ತುಂಬಿರಬಹುದು. ‘ಸ್ವಲ್ಪ’ ಬೂಷ್ಟು ಎಂದು ಕಣ್ಣಳತೆಯಲ್ಲಿ ಹೇಳಿದ್ದು 50 ಆಗಿರಬಹುದು, 500 ಆಗಿರಬಹುದು. ಮೂರನೆಯದು ನಾನು ಆಗಲೇ ಹೇಳಿದ್ದು. ಬೂಷ್ಟು ಹಿಡಿದ ಜೋಳದಲ್ಲಿ ಅಫ್ಲಾಟಾಕ್ಸಿನ್ ಒಂದೇ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಹಾಗಾದರೆ ಮಣ್ಣನ್ನು ದುಪ್ಪಟ್ಟು ಹಾಕೋಣ ಎಂದರೆ ಲಾಭ ದುಪ್ಪಟ್ಟಾಗುವುದಿಲ್ಲ, ಪೋಷಕಾಂಶ ಮತ್ತು ಔಷಧಿಗೆ ಆಗುವ ಅಡ್ಡಿ ಮಾತ್ರ ಹೆಚ್ಚುತ್ತದೆ. ಮಣ್ಣಿನಲ್ಲಿ ಶಕ್ತಿಯೂ ಇಲ್ಲ ಪ್ರೋಟೀನೂ ಇಲ್ಲ, ಅದು ಹೆಚ್ಚಿದಷ್ಟೂ ಆಹಾರದ ಸತ್ವ ತೆಳುವಾಗುತ್ತದೆ.

ಈ ವಿಚಾರದಲ್ಲಿ ಯುರೋಪು ತೆಗೆದುಕೊಂಡ ನಿಲುವು ನನಗೆ ಸರಿಯಾಗಿ ಕಾಣುತ್ತದೆ. ಅಲ್ಲಿ 2009ರಲ್ಲಿ ಆಹಾರದ ಮೈಕೋಟಾಕ್ಸಿನ್ ಕಡಿಮೆ ಮಾಡುವ ಪದಾರ್ಥಗಳಿಗೆಂದೇ ಪ್ರತ್ಯೇಕ ವರ್ಗವನ್ನು ಕಾನೂನಿನಲ್ಲಿ ಸೇರಿಸಿದರು. 2013ರಲ್ಲಿ ಬೆಂಟೊನೈಟ್‌ಗೆ ಆ ವರ್ಗದಲ್ಲಿ ಅನುಮತಿ ಸಿಕ್ಕಿತು. ಅನುಮತಿಯ ಜೊತೆ ಷರತ್ತುಗಳಿವೆ. ಮಣ್ಣಿನಲ್ಲಿ ಕೆಲಸ ಮಾಡುವ ಖನಿಜಾಂಶ, ಸ್ಮೆಕ್ಟೈಟ್, ಶೇಕಡಾ 70ಕ್ಕೆ ಕಡಿಮೆ ಇರಬಾರದು. ಪ್ರಯೋಗಾಲಯದಲ್ಲಿ ನಿಗದಿಯಾದ ವಿಧಾನದಂತೆ ಪರೀಕ್ಷಿಸಿದಾಗ ಅದು ಬಿ1 ವಿಷದ ಶೇಕಡಾ 90ಕ್ಕೂ ಹೆಚ್ಚನ್ನು ಹಿಡಿಯಬೇಕು. ಪೂರ್ಣ ಆಹಾರದ ಕಿಲೋಗೆ 20 ಗ್ರಾಂ ಮೀರಬಾರದು. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ವಿಷದ ಮಿತಿಯೊಳಗಿರುವ ಆಹಾರದಲ್ಲಿ ಮಾತ್ರ ಇದನ್ನು ಬಳಸಬಹುದು ಎಂಬುದು. ಮಿತಿ ಮೀರಿದ ಹಿಂಡಿಗೆ ಮಣ್ಣು ಬೆರೆಸಿ ಮಾರುಕಟ್ಟೆಗೆ ತರುವುದು ಅಲ್ಲಿ ಅಪರಾಧ. ಒಳ್ಳೆಯ ಹಿಂಡಿಯ ಜೊತೆ ಬೆರೆಸಿ ತೆಳು ಮಾಡುವುದೂ ನಿಷಿದ್ಧ. ಅಮೆರಿಕದಲ್ಲಂತೂ ಬೆಂಟೊನೈಟನ್ನು ಗಂಟು ಕಟ್ಟದಂತೆ ತಡೆಯುವ ಪದಾರ್ಥವಾಗಿ ಬಳಸಬಹುದೇ ಹೊರತು, ವಿಷ ಹಿಡಿಯುತ್ತದೆ ಎಂದು ಹೇಳಿಕೊಂಡು ಮಾರಲು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅನುಮತಿ ಕೊಟ್ಟಿಲ್ಲ. ಎರಡೂ ಕಡೆ ಮಣ್ಣಿನ ಗುಣವನ್ನು ಯಾರೂ ಅಲ್ಲಗಳೆದಿಲ್ಲ. ಅದು ಕೆಟ್ಟ ಸರಕಿಗೆ ಮುಸುಕಾಗಬಾರದು ಎಂಬ ಎಚ್ಚರವನ್ನು ಇಬ್ಬರೂ ತೋರಿಸಿದ್ದಾರೆ. ನಮ್ಮ ಮಾರುಕಟ್ಟೆಗೂ ಇದೇ ಎಚ್ಚರ ಬೇಕು. ಬೈಂಡರ್ ಚೀಲದ ಮೇಲೆ ಒಳಗಿರುವುದು ಯಾವ ಖನಿಜ, ಅದರ ಅಂಶ ಎಷ್ಟು, ಯಾವ ವಿಷವನ್ನು ಎಷ್ಟು ಹಿಡಿಯುತ್ತದೆ, ಹೊಟ್ಟೆಯ ಹುಳಿಯಲ್ಲಿ ಹಿಡಿದದ್ದನ್ನು ಕರುಳಿಗೆ ಹೋದಾಗ ಬಿಟ್ಟುಬಿಡುತ್ತದೆಯೇ, ಪ್ರಾಣಿಗಳ ಮೇಲೆ ಪ್ರಯೋಗ ಆಗಿದೆಯೇ ಎಂಬುದನ್ನು ಮುದ್ರಿಸುವುದು ಕಡ್ಡಾಯವಾಗಬೇಕು. ಪ್ರಯೋಗಾಲಯದ ಗಾಜಿನ ಲೋಟದಲ್ಲಿ ಇದ್ದಿಲು ಕೂಡ ಹಲವು ವಿಷಗಳನ್ನು ಹಿಡಿಯುತ್ತದೆ. ಆದರೆ ಅದನ್ನು ಹಸುವಿಗೆ ತಿನ್ನಿಸಿ ಹಾಲು ಪರೀಕ್ಷಿಸಿದಾಗ ಹೆಚ್ಚೇನೂ ಲಾಭ ಕಾಣದ ಉದಾಹರಣೆ ಇದೆ.

ಇದೆಲ್ಲ ಕಾರ್ಖಾನೆಯವರಿಗೆ ಸರಿ, ಎರಡು ಹಸು ಕಟ್ಟಿಕೊಂಡವರು ಏನು ಮಾಡಬೇಕು ಎಂದು ನೀವು ಕೇಳಬಹುದು. ಒಂದು ಮಾದರಿಯ ಪರೀಕ್ಷೆಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ದಿನದ ಹಿಂಡಿ ಬರುತ್ತದೆ ಎಂಬುದು ನಿಜ. ಅದಕ್ಕೇ ಪರೀಕ್ಷೆಯ ಹೊರೆ ಸಣ್ಣ ರೈತನ ಮೇಲೆ ಬೀಳಬಾರದು ಎನ್ನುತ್ತೇನೆ. ಪಶು ಆಹಾರ ತಯಾರಿಸುವ ಘಟಕಗಳು ಒಂದೊಂದು ಲೋಡ್ ಮುಸುಕಿನ ಜೋಳವನ್ನೂ, ಕಡಲೆಕಾಯಿ ಹಿಂಡಿಯನ್ನೂ, ಹತ್ತಿಕಾಳಿನ ಹಿಂಡಿಯನ್ನೂ ಇಳಿಸಿಕೊಳ್ಳುವ ಮುಂಚೆ ಹಲವು ಕಡೆಯಿಂದ ಮಾದರಿ ತೆಗೆದು ಪರೀಕ್ಷಿಸಬೇಕು. ಮಿತಿಯೊಳಗಿನದ್ದಕ್ಕೆ ಸರಿಯಾದ ಬೆಂಟೊನೈಟನ್ನು ಅಳತೆಯಲ್ಲಿ, ಯಂತ್ರದಲ್ಲಿ ಸಮನಾಗಿ ಬೆರೆಸಬೇಕು. ಕೈಯಲ್ಲಿ ಎರಚಿದ ಮಣ್ಣು ಒಂದು ಹಸುವಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಸಿಗುತ್ತದೆ. ಪ್ರಮಾಣದ ಬಗ್ಗೆಯೂ ಒಂದು ಮಾತು. ಶೇಕಡಾ 1 ಎಂದಾಗ ಅದು ಹಿಂಡಿಯ ಲೆಕ್ಕವೋ, ಹುಲ್ಲು ಮೇವು ಸೇರಿದ ಒಟ್ಟು ಆಹಾರದ ಲೆಕ್ಕವೋ ಎಂದು ಕೇಳಿ ತಿಳಿಯಬೇಕು. ದಿನಕ್ಕೆ 12 ಕಿಲೋ ಒಣ ಆಹಾರ ತಿನ್ನುವ ಹಸುವಿಗೆ ಒಟ್ಟು ಲೆಕ್ಕದಲ್ಲಿ 120 ಗ್ರಾಂ ಆಗುತ್ತದೆ, 5 ಕಿಲೋ ಹಿಂಡಿಯ ಲೆಕ್ಕದಲ್ಲಿ 50 ಗ್ರಾಂ. ಪ್ರಯೋಗದಲ್ಲಿ ಸಿಕ್ಕ ಫಲ ಕೊಟ್ಟಿಗೆಯಲ್ಲಿ ಸಿಗಲಿಲ್ಲ ಎಂದು ದೂರುವ ಮುಂಚೆ ಈ ವ್ಯತ್ಯಾಸವನ್ನು ನೋಡಬೇಕು. ಮನೆಯಲ್ಲೇ ಆಹಾರ ಬೆರೆಸಿಕೊಳ್ಳುವವರಿಗೆ ಮಣ್ಣಿಗಿಂತ ಮೊದಲು ಟಾರ್ಪಾಲು ಬೇಕು. ನಮ್ಮ ದಾವಣಗೆರೆ, ಹಾವೇರಿ ಕಡೆಯ ಮುಂಗಾರಿನ ಮುಸುಕಿನ ಜೋಳ ಕೊಯ್ಲಿಗೆ ಬರುವ ಹೊತ್ತಿಗೇ ಹಿಂಗಾರಿನ ಮಳೆಯೂ ಬಂದುಬಿಡುತ್ತದೆ. ಕಾಳಿನ ತೇವಾಂಶ ಶೇಕಡಾ 13ರ ಆಸುಪಾಸಿಗೆ, ಕಡಲೆಕಾಯಿಯದ್ದು 8ರ ಆಸುಪಾಸಿಗೆ ಇಳಿಯುವ ತನಕ ಚೀಲಕ್ಕೆ ತುಂಬಬಾರದು. ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಒಡೆದ, ಹುಳ ಕೊರೆದ, ಮುದುಡಿದ ಕಾಳನ್ನು ಜರಡಿ ಹಿಡಿದು ತೆಗೆದರೆ ವಿಷದ ದೊಡ್ಡ ಪಾಲು ಅದರ ಜೊತೆಗೇ ಹೋಗುತ್ತದೆ. ಹಾಗೆ ತೆಗೆದದ್ದನ್ನು ಕೋಳಿಗೆ ಎರಚುವುದು ಬೇಡ.

ಹಾಲು ಒಕ್ಕೂಟಗಳ ಕೈಯಲ್ಲಿ ಇನ್ನೂ ದೊಡ್ಡ ಅವಕಾಶವಿದೆ. ವಿಷವಿರುವ ಆಹಾರವನ್ನು ನಿಲ್ಲಿಸಿದರೆ ಮೂರ್ನಾಲ್ಕು ದಿನಗಳಲ್ಲಿ ಹಾಲು ತಿಳಿಯಾಗುತ್ತದೆ. ಆದ್ದರಿಂದ ಹಳ್ಳಿಯ ಶೀತಲ ಕೇಂದ್ರದ ಒಟ್ಟು ಹಾಲನ್ನು ವಾರಕ್ಕೊಮ್ಮೆ ಎಂ1 ಪತ್ತೆಹಚ್ಚುವ ಪರೀಕ್ಷಾ ಪಟ್ಟಿಯಿಂದ ಪರೀಕ್ಷಿಸಿದರೂ ಸಾಕು, ಆ ವಾರ ಆ ಊರಿಗೆ ಬಂದ ಹಿಂಡಿಯ ಯಾವ ಲಾಟಿನಲ್ಲಿ ತಪ್ಪಿದೆ ಎಂಬ ಸುಳಿವು ಸಿಗುತ್ತದೆ. ಕೆಟ್ಟ ಫಲಿತಾಂಶ ಬಂದಾಗ ರೈತನ ಹಾಲನ್ನು ತಿರಸ್ಕರಿಸಿ ಕೈತೊಳೆದುಕೊಳ್ಳುವ ಬದಲು ಆ ಲಾಟನ್ನು ವಾಪಸ್ ಪಡೆದು ಬೇರೆ ಆಹಾರ ಕೊಡುವ ವ್ಯವಸ್ಥೆ ಬೇಕು. ಇಲ್ಲದಿದ್ದರೆ ಹಾಲು ಖಾಸಗಿಯವರ ಕ್ಯಾನಿಗೆ ಹೋಗುತ್ತದೆ, ಹಿಂಡಿ ಅದೇ ಬಾನಿಯಲ್ಲಿ ಉಳಿಯುತ್ತದೆ. ಬೆಂಟೊನೈಟ್ ಬೆರೆಸಿದ ಆಹಾರ ಕೊಟ್ಟ ಊರು, ಕೊಡದ ಊರುಗಳ ಹಾಲನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಹೀಗೆ ಹೋಲಿಸಿ ನೋಡಿದರೆ, ನಮ್ಮದೇ ಹಸು, ನಮ್ಮದೇ ಮೇವಿನ ಮೇಲೆ ಆ ಮಣ್ಣು ಎಷ್ಟು ಕೆಲಸ ಮಾಡುತ್ತದೆ ಎಂಬ ಅಂಕಿಅಂಶ ಕೈಗೆ ಬರುತ್ತದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ, ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಇಂಥ ಹೋಲಿಕೆಗೆ ಬೇಕಾದ ತಿಳಿವಳಿಕೆ ರಾಜ್ಯದೊಳಗೇ ಇದೆ. ಆ ಅಂಕಿಅಂಶವನ್ನು ಮೊದಲು ನೋಡಬೇಕಾದವರು ಹಿಂಡಿಗೆ ದುಡ್ಡು ಕೊಡುವ ಹೈನುಗಾರರು, ಆದ್ದರಿಂದ ಅದನ್ನು ಡೇರಿಯ ಸೂಚನಾ ಫಲಕದ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.